ರಿಸೀವರಿಗೆ ಹೊಚ್ಚಿದ ಬಟ್ಟಿ

ರೀ,

ಹುನಗುಂದಕ್ಕ, ಅಕ್ಕನ ಮನಿಗಿ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಪಲ್ಯ ಬಿಸಿ ಮಾಡ್ಕೋರಿ.

ಬಾಗಲಕೋಟಿ ಅಂಗಡ್ಯಾಗ ಎಲ್ಲಾ ಕೇಳಿ ನೋಡಿ, ಇದರಾಗ ಮಾತು ಚಂದ ಕೇಳಸ್ತದಂತ ಈ ಹೋಮ್ ಥಿಯೇಟರ್ ರಿಸೀವರ್ ಆರಿಸಿದಾಕಿ ನಾನೇ. ಮಗ್ಗದ ಕೋಣಿ ಒಂದು ಮುಟ್ಟಬ್ಯಾಡ್ರಿ ಅಂದಿದ್ದೆ. ಅಂಗಡಿಯವನ ಮುಂದೇ ಹೂಂ ಅಂದ್ರಿ. ನಾ ಬನಶಂಕರಿ ಜಾತ್ರಿಗೆ ಹೋಗಿ ಬರೂದ್ರಾಗ ಮಗ್ಗ ಬಿಚ್ಚಿ, ನೇಯುವಾಗ ಕಾಲು ಇಳಿಬಿಡೂ ಕುಣಿ ಮುಚ್ಚಿ, ಅದರ ಮ್ಯಾಲೆ ಸ್ಪೀಕರ್ ಕುಂಡ್ರಿಸೀರಿ.

ರಿಸೀವರ್ ಭಾಳ ಕಾಯ್ತದ, ಮ್ಯಾಲೆ ಏನೂ ಹೊಚ್ಚಬ್ಯಾಡ್ರಿ ಅಂತ ಅಂಗಡಿಯವ ಹೇಳಿದ್ದನ್ನೂ ಮರತೀರಿ. ಧೂಳು ಬೀಳಬಾರದಂತ ನೀವು ಹೊಚ್ಚಿದ್ದ ಬಟ್ಟಿ ನಾ ಒಯ್ದೇನಿ.

ಅದು ನಮ್ಮ ಮಗಳು ಸುನಂದಾನ ಮದುವಿಗಂತ ನಾ ನೇಯಾಕತ್ತಿದ್ದ ಸೀರಿ, ಮಗ್ಗ ಬಿಚ್ಚೂವಾಗ ನೀವು ಅರ್ಧಕ್ಕ ಕತ್ತರಿಸಿದ್ದು. ನೇಕಾರರ ಮನ್ಯಾಗ ಹುಟ್ಟಿದವರಿಗೆ ಅದರ ಗುರುತು ಸಿಗಲಿಲ್ಲೇನ್ರಿ?

ನಾಗರತ್ನಾ