ಗೋಡೆಯೊಳಗಿನ ಐದಡಿ

ಮಾರ್ಚ್ 4, ಬೆಳಿಗ್ಗೆ

ಕೋಟೆಯ ದುರಸ್ತಿ ನಕ್ಷೆಗೆ ಮತ್ತೆ ಅಳೆದೆ. ಪೂರ್ವದ ಬುರುಜಿನ ಪಕ್ಕದ ಗೋಡೆ. ಬೇರೆಲ್ಲ ಕಡೆ ದಪ್ಪ ಒಂಬತ್ತಡಿ, ಇಲ್ಲಿ ಮಾತ್ರ ಹದಿನಾಲ್ಕು. ಟೇಪ್ ಬದಲಾಯಿಸಿದೆ. ಅಷ್ಟೇ ಬಂತು.

ಕೋಟೆ ಕಟ್ಟಿದಾಗ ಗಡಿ ಹೊಳೆಯಲ್ಲಿತ್ತು. ಆಮೇಲೆ ಗಡಿ ಮೂರು ಸಲ ಜರುಗಿತು, ಕೋಟೆ ಇದ್ದಲ್ಲೇ ಉಳಿಯಿತು. ಅದಕ್ಕೇ ಬಾಣದ ಕಿಂಡಿಗಳು ಹೊಳೆ ಕಡೆಗೂ ಇವೆ, ಊರ ಕಡೆಗೂ ಇವೆ. ಶತ್ರು ಯಾರು ಅಂತ ಕಲ್ಲಿಗೇ ಗೊಂದಲ.

ಅಕ್ಕನ ಫೋನ್: "ಕಲ್ಲು ಅಳೆದದ್ದು ಸಾಕು, ಹೊತ್ತಿಗೆ ಸರಿಯಾಗಿ ಊಟ ಮಾಡು ತಾಯಿ."

ಮಾರ್ಚ್ 5

ಗಾರೆ ಮೇಸ್ತ್ರಿಗೆ ಹೇಳಿದೆ. ಎಪ್ಪತ್ತರ ಆಸುಪಾಸು. ಕೋಟೆಯ ದುರಸ್ತಿಯೆಲ್ಲ ಇವರ ಕೈಯಲ್ಲೇ. ಗೋಡೆಗೆ ಬೆನ್ನು ಹಾಕಿ ನಿಂತರು.

"ಅದರೊಳಗೆ ದಾರಿ ಇದೆ ಅಮ್ಮಾ. ಹೊಳೆ ಕಡೆ ಇರೋ ಸಣ್ಣ ದಿಡ್ಡಿ ಬಾಗಿಲಿಗೆ ಹೋಗೋದು."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಮುಖ ಬೇಕಲ್ಲ."

ಹಿಂದೆ ಕೋಟೆಗೆ ಮುತ್ತಿಗೆ ಬಿದ್ದಾಗ ಆ ದಿಡ್ಡಿ ಬಾಗಿಲಿಗೆ ಕಲ್ಲು ಕಟ್ಟಿ ಮುಚ್ಚು ಅಂತ ಇವರ ವಂಶದ ಹಿರೀಕನನ್ನು ಕಳಿಸಿದ್ದರಂತೆ. ಆತ ಮುಚ್ಚದೆ ಹೊಳೆ ದಾಟಿ ಓಡಿಹೋದ, ಶತ್ರು ಅಲ್ಲಿಂದಲೇ ನುಗ್ಗಿದ. ಇವತ್ತಿಗೂ ಊರಲ್ಲಿ ಇವರದು 'ಓಡಿಹೋದವರ ಮನೆ'.

"ಆ ಮಾತಿಗೇ ನನಗೆ ಮೂರು ಸಂಬಂಧ ಮುರಿದವು," ನಕ್ಕರು. "ನಾಲ್ಕನೆಯವಳಿಗೆ ಕಿವಿ ಸ್ವಲ್ಪ ಮಂದ. ಬಚಾವಾದೆ."

ಮಾರ್ಚ್ 9

ಗೋಡೆ ಬಿಚ್ಚಿ ನೋಡಲು ಎಂಜಿನಿಯರ್ ಒಪ್ಪಿದರು. ಆದರೆ ಗೋಡೆ ಉಬ್ಬಿದೆ — ಒಬ್ಬರು ನುಸುಳುವಷ್ಟು ಮಾತ್ರ ತೆಗೆಯಿರಿ, ನೋಡಿ, ಮಳೆಗೆ ಮುಂಚೆ ಮುಚ್ಚಿ.

ಮಧ್ಯಾಹ್ನ ಅಂಗಳದ ಕಡೆಯಿಂದ ಕಲ್ಲು ಬಿಚ್ಚಿದೆವು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಈ ಬಿಸಿಲಲ್ಲೂ ಮೈ ಜುಮ್ಮೆಂದಿತು.

ಟಾರ್ಚ್ ಹಿಡಿದು ಒಳಗೆ. ಇಪ್ಪತ್ತು ಹೆಜ್ಜೆ. ತುದಿಯಲ್ಲಿ ದಿಡ್ಡಿ ಬಾಗಿಲು — ಮುಚ್ಚಿದೆ! ನೂಲು ಹಿಡಿದಂತೆ ನೇರ ಸಾಲು, ಸಂದುಗಳಲ್ಲಿ ನಯವಾಗಿ ತೀಡಿದ ಗಾರೆ. ಎಲ್ಲಾ ಒಳಗಿನಿಂದ ಮಾಡಿದ ಕೆಲಸ. ಕೆಳಗೆ ತುಕ್ಕು ತಿಂದ ಕರಣೆ. ಪಕ್ಕದಲ್ಲಿ, ಗೋಡೆಗೆ ಒರಗಿ ಕೂತ ಹಾಗೇ, ಮೂಳೆಗಳು.

ಹಿಂತಿರುಗಿ ನೋಡಿದೆ. ನಾವು ನುಸುಳಿ ಬಂದ ಕಡೆ ಬರೀ ಒರಟು. ಸಂದಿನಿಂದ ಉಕ್ಕಿದ ಗಾರೆ ಹಾಗೇ ಗಟ್ಟಿಯಾಗಿದೆ. ಅದನ್ನು ಅಂಗಳದ ಕಡೆಯಿಂದ ಕಟ್ಟಿದ್ದಾರೆ, ಅವಸರದಲ್ಲಿ. ಆ ಗಾರೆ ಹಸಿಯಿದ್ದಾಗ ಬಿದ್ದ ಗೀರುಗಳು... ಬೆರಳಿನವು.

ಮೇಸ್ತ್ರಿ ತಮ್ಮ ಬೆರಳನ್ನು ಆ ಗೀರುಗಳಲ್ಲಿಟ್ಟರು.

"ಓಡಿರಲಿಲ್ಲ." ನನ್ನ ಕಡೆ ತಿರುಗಿದರು: "ಒಳಗಿದ್ದಾನೆ ಅಂತ ಗೊತ್ತಿದ್ದೇ ಮುಚ್ಚಿದ್ರಾ ಅಮ್ಮಾ?"

ನನ್ನ ಟೇಪಿಗೆ ಅದು ಗೊತ್ತಿಲ್ಲ. ಶತ್ರು ನುಗ್ಗಿದ್ದು ಇಲ್ಲಿಂದಲ್ಲ; ಅವನಿಗೆ ಇನ್ನೊಂದು ಬಾಗಿಲು ತೆರೆದವರು ಬೇರೆ ಯಾರೋ. ಹೆಸರು ಕೆಟ್ಟಿದ್ದು ಇವರದು.

ಮಾರ್ಚ್ 17

ಬರೆಯಲು ಕೈ ಏಳಲಿಲ್ಲ. ಮೂಳೆಗಳನ್ನು ಪರೀಕ್ಷೆಗೆ ಒಯ್ದರು, ರಟ್ಟಿನ ಪೆಟ್ಟಿಗೆಯಲ್ಲಿ. ನನಗೆ ಬಾತ್‌ರೂಮಿನ ಬಾಗಿಲು ಕೂಡ ಪೂರ್ತಿ ಹಾಕಿಕೊಳ್ಳಲು ಆಗ್ತಿಲ್ಲ. ಅಕ್ಕನಿಗೆ ಹೇಳಿಲ್ಲ.

ಮೇಸ್ತ್ರಿ ಇವತ್ತು ಬಂದರು. ಊರಿಗೆಲ್ಲ ಹೇಳಿದರಂತೆ, ನಮ್ಮವನು ಓಡಿರಲಿಲ್ಲ ಅಂತ.

"ಏನಂದ್ರು?"

"'ಹೌದಾ' ಅಂದ್ರು. ಅಷ್ಟೇ."

ಮಾರ್ಚ್ 21, ಸಂಜೆ

ಮುಚ್ಚುವ ಕೆಲಸ. ಬೇರೆಯವರನ್ನು ಕಳಿಸ್ತೀನಿ ಅಂದರು ಎಂಜಿನಿಯರ್. ಮೇಸ್ತ್ರಿ ಬಿಡಲಿಲ್ಲ. "ನಾನೇ ಮುಚ್ತೀನಿ. ಕೇಳಿ ಮುಚ್ತೀನಿ."

ಏನು ಕೇಳೋದು ಅಂತ ಆಗ ಅರ್ಥವಾಗಲಿಲ್ಲ.

ಕೊನೆಯ ಕಲ್ಲಿಗೆ ಗಾರೆ ಹಚ್ಚಿದರು. ಎತ್ತಿಕೊಂಡರು. ಉಳಿದ ಸಂದಿಗೆ ಬಾಯಿಟ್ಟು ಕೂಗಿದರು: "ಒಳಗೆ ಯಾರಾದ್ರೂ ಇದ್ದೀರಾ?"

ನಗು ಬರಲಿಲ್ಲ. ಎರಡನೇ ಸಲ ಕೂಗಿದರು. ಮೂರನೇ ಸಲ ದನಿ ಒಡೆಯಿತು. ಆಮೇಲೆ ಕಿವಿಯಿಟ್ಟು ನಿಂತರು. ಗಾರೆ ಬಿಗಿಯುತ್ತಿತ್ತು.

"ಕೂರಿಸಿಬಿಡಿ ಮೇಸ್ತ್ರಿ."

ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟರು.

"ಒಂದ್ಸಲ ನೀವೂ ಕೇಳಿ ಅಮ್ಮಾ."

ಕಿವಿಯಿಟ್ಟೆ. ಉಸಿರಾಟದ ಸದ್ದು. ನನ್ನದೇ ಇರಬೇಕು ಅಂತ ಉಸಿರು ಬಿಗಿಹಿಡಿದೆ. ಆದರೂ ಆ ಸದ್ದು ನಿಲ್ಲಲಿಲ್ಲ.