ಗೆದ್ದು ಬಂದವರ ತಲೆನೋವು

ಅಣ್ಣಾ,

ನೀನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೊಟ್ಟೆಪಾಡಿಗೆ ಬಾಕ್ಸಿಂಗ್ ಆಡುವವನೊಬ್ಬನ ಕುರಿತ ಕಾದಂಬರಿ ಓದಿ ಮುಗಿಸಿದೆ. ಬೆವರು, ರಕ್ತ, ಚಪ್ಪಾಳೆ ಎಲ್ಲ ಕಣ್ಣಿಗೆ ಕಟ್ಟುವಂತಿದೆ. ಆದರೆ ಅಪಾಯ ಎಲ್ಲಿರುತ್ತದೆಂದೇ ಬರೆದವನಿಗೆ ತಿಳಿದಿಲ್ಲ. ನಾಯಕ ಕೊನೆಯ ಪಂದ್ಯ ಗೆದ್ದು ಮನೆಗೆ ಬಂದು, ನಕ್ಕು, ಹಾಸಿಗೆಗೆ ಬೀಳುತ್ತಾನೆ. ನೆಮ್ಮದಿಯ ನಿದ್ದೆ ಎಂದು ಬರೆದು ಪುಸ್ತಕ ಮುಗಿಸಿಬಿಟ್ಟಿದ್ದಾನೆ ಪುಣ್ಯಾತ್ಮ! ನನಗೆ ಮೈಯೆಲ್ಲ ಉರಿದುಹೋಯಿತು.

ನೀನೂ ಗೆದ್ದೇ ಬಂದಿದ್ದೆ. ನಕ್ಕಿದ್ದೆ. "ಸ್ವಲ್ಪ ತಲೆನೋವು ಕಣೇ, ಎಬ್ಬಿಸಬೇಡ" ಅಂದಿದ್ದೆ. ನಿನ್ನ ಮಾತು ಎಂದೂ ಮೀರದವಳು ನಾನು, ಬೆಳಗಿನವರೆಗೂ ಎಬ್ಬಿಸಲಿಲ್ಲ.

ನೀನು ಕಾಣದ ನನ್ನ ಮಗಳು ಹಟ ಮಾಡಿ ನಿನ್ನ ಹಳೆಯ ಗ್ಲೌಸನ್ನೇ ಹಾಕಿಕೊಂಡು ಪಂದ್ಯಕ್ಕೆ ಇಳಿಯುತ್ತಾಳೆ. ಇವತ್ತು ಮಧ್ಯಾಹ್ನ ಕೊರಳಲ್ಲಿ ಪದಕ ಹಾಕಿಕೊಂಡು ಕುಣಿಯುತ್ತ ಬಂದಳು. "ಅಮ್ಮಾ, ತಲೆ ಸ್ವಲ್ಪ ಸಿಡೀತಿದೆ. ಮಲಗ್ತೀನಿ, ಎಬ್ಬಿಸಬೇಡ" ಅಂದಳು.

ಹೊದಿಕೆ ಕಿತ್ತೆಸೆದೆ. "ನಿಂಗೇನು ಹುಚ್ಚಾ?" ಎಂದು ರೇಗಿದಳು. ರೇಗಲಿ ಎಂದು ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಬೈಯುತ್ತಿದ್ದವಳು ಗೇಟಿನ ಹತ್ತಿರ ಇದ್ದಕ್ಕಿದ್ದಂತೆ ಸುಮ್ಮನಾದಳು.

ಈಗ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತು, ಅದೇ ಕಾದಂಬರಿಯ ಕೊನೆಯ ಖಾಲಿ ಪುಟದಲ್ಲಿ ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಡಾಕ್ಟರು ಬಾಗಿಲು ತೆರೆದು ಇಣುಕಿದರು. "ನಿಮ್ಮ ಜೊತೆ ಮನೆಯವರು ಬೇರೆ ಯಾರಾದ್ರೂ ಬಂದಿದ್ದಾರಾ ಅಮ್ಮ?" ಎಂದು ಕೇಳಿದರು.

ಪಕ್ಕದ ಕುರ್ಚಿಯಲ್ಲಿ, ಅವಳು ಬಿಡದೆ ಹಿಡಿದು ತಂದಿದ್ದ ನಿನ್ನ ಗ್ಲೌಸಿತ್ತು.

"ಅವಳ ಸೋದರಮಾವ ಇದ್ದಾನೆ" ಎಂದುಬಿಟ್ಟೆ.