ಬಡಗಿ ಹಾಕಿದ ಗಂಟು

ಅಪ್ಪಾ,

ನಿನ್ನ ಪಿರಮಿಡ್ಡಿನ ಬಾಗಿಲನ್ನು ಕಲ್ಲಿಟ್ಟು ಮುಚ್ಚಿದ್ದಾಯಿತು. ಈ ಓಲೆ ನಿನಗೆ ಸಿಗುವುದಿಲ್ಲ. ಆದರೂ ಕೇಳು.

ಇವತ್ತು ಚಿಕ್ಕಪ್ಪ ನನಗೆ ಸಿಂಹಾಸನ ಮಾಡಿಸಲು ಬಡಗಿಯನ್ನು ಕರೆಸಿದರು. ಅವನು ನನ್ನನ್ನು ಕೂರಿಸಲೇ ಇಲ್ಲ. "ಸ್ವಲ್ಪ ಮಲಗ್ತೀರಾ, ತಾಯಿ?" ಎಂದವನೇ ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಎಳೆದು ಗಂಟು ಹಾಕಿದ.

"ಕೂರೋದಕ್ಕೆ ಇಷ್ಟುದ್ದ ಯಾಕೆ?" ಎಂದೆ.

ಅವನು ಚಿಕ್ಕಪ್ಪನ ಮುಖ ನೋಡಿದ. "ಬೆಳೆಯೋ ಮಗು ನೀನು, ಅದಕ್ಕೇ ಪುಟ್ಟಿ," ಎಂದು ಚಿಕ್ಕಪ್ಪ ನಕ್ಕರು. ಬೆಳೆಯುವ ಮಗುವಿಗೆ ಒಂದು ಗೇಣಾದರೂ ಹೆಚ್ಚು ಬಿಡಬೇಕಲ್ಲವೇ? ಗಂಟು ಸರಿಯಾಗಿ ನನ್ನ ಹಿಮ್ಮಡಿಗೇ ಬಿದ್ದಿತ್ತು.

ಹೊಸ ಮಂಚಕ್ಕೆಂದು ಇದೇ ಬಡಗಿ ನಿನ್ನನ್ನು ಅಳೆದಾಗ ನಿನಗೆ ಜ್ವರವೂ ಇರಲಿಲ್ಲ. ಮಂಚ ಬರಲೇ ಇಲ್ಲ, ಶವಪೆಟ್ಟಿಗೆ ಬಂತು. ಅಳತೆಯ ದಿನ ನಿನ್ನ ಅಂಗಾಲಿಗೆ ಕಚಗುಳಿಯಿಟ್ಟು, "ಅಲುಗಾಡಬೇಡಪ್ಪಾ" ಎನ್ನುತ್ತ ದಾರದ ತುದಿ ಹಿಡಿದುಕೊಂಡಿದ್ದವಳು ನಾನೇ.